ನರಕೋಶದಂಥ ಚಿಪ್ ಮತ್ತು ಷೇರುದಾರರ ಲೆಕ್ಕಾಚಾರ

ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಸಿಡ್ನಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂತು. ಬಿ.ಎಸ್ಸಿ.ಯಲ್ಲಿ ನನ್ನ ಬಳಿ ಎಲೆಕ್ಟ್ರಾನಿಕ್ಸ್ ಓದಿ, ಎಂ.ಸಿ.ಎ. ಮುಗಿಸಿ, ಅಲ್ಲಿ ಹೋಗಿ ನೆಲೆಸಿದವನು. ಕುಶಲ ಪ್ರಶ್ನೆಗಳು ಮುಗಿದ ಮೇಲೆ ಕೇಳಿದ: "ಸರ್, ಮಿದುಳಿನ ಹಾಗೆ ಕೆಲಸ ಮಾಡುವ ಚಿಪ್ ನಿಜವಾಗಿ ಸಾಧ್ಯವೆ? ಅದರ ಭೌತವಿಜ್ಞಾನ ಸರಿಯಾಗಿದೆಯೆ?" ಮೇಷ್ಟ್ರಿಗೆ ಇಂಥ ಪ್ರಶ್ನೆ ಸಿಕ್ಕರೆ ಕೇಳಬೇಕೆ? ನಲವತ್ತು ನಿಮಿಷ ಪಾಠ ಮಾಡಿದೆ. ಕೊನೆಗೆ ಅವನು ಸಮಾಧಾನದಿಂದ, "ಹಾಗಾದರೆ ಆ ಷೇರು ತಗೋಬಹುದು ಅಂತಾಯ್ತು ಸರ್" ಎಂದ. ನಾನು ಉತ್ತರಿಸಿದ್ದು ಒಂದು ಪ್ರಶ್ನೆಗೆ, ಅವನು ಕೇಳಿಸಿಕೊಂಡದ್ದು ಇನ್ನೊಂದಕ್ಕೆ ಉತ್ತರವಾಗಿ!

ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಈ ಲೇಖನದ ವಿಷಯ. ಇದು ದೂರದ ಆಸ್ಟ್ರೇಲಿಯದ ಮಾತಾಯಿತೆಂದು ನೀವು ಪುಟ ತಿರುಗಿಸಬೇಡಿ. ನಮ್ಮ ದೇಶದಲ್ಲಿ 2020ರ ಮಾರ್ಚ್ ವೇಳೆಗೆ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳ ಸಂಖ್ಯೆ 2024ರ ಆಗಸ್ಟ್ ಹೊತ್ತಿಗೆ 17 ಕೋಟಿಯನ್ನು ಮುಟ್ಟಿತ್ತು. ನಿಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲೂ ಮೊಬೈಲ್ ನೋಡುತ್ತ ಷೇರಿನ ಮಾತಾಡುವವರು ಒಬ್ಬರಾದರೂ ಇದ್ದಾರು. 'ಎಐ' ಮತ್ತು 'ಚಿಪ್' ಎಂಬ ಎರಡು ಪದಗಳು ಒಟ್ಟಿಗೆ ಬಂದರೆ ಅವರು ವಿಜ್ಞಾನದ ಮೇಷ್ಟ್ರ ಕಡೆಗೆ ತಿರುಗುವುದು ಸಹಜ.

ಆತ ಕೇಳಿದ್ದು ಬ್ರೈನ್‌ಚಿಪ್ ಎಂಬ ಕಂಪನಿಯ ಬಗ್ಗೆ. ಅದು 2015ರಿಂದ ಆಸ್ಟ್ರೇಲಿಯದ ಷೇರುಪೇಟೆಯಲ್ಲಿದೆ. ಅದರ ಚಿಪ್‌ನ ಹೆಸರು ಅಕಿಡಾ. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಮೊನೆ, ಮುಳ್ಳು ಎಂಬ ಅರ್ಥವಿದೆ. ಹೆಸರು ಸುಮ್ಮನೆ ಇಟ್ಟದ್ದಲ್ಲ. ನರಕೋಶದ ವಿದ್ಯುತ್ ಸ್ಪಂದವನ್ನು ಆಸಿಲೋಸ್ಕೋಪಿನಲ್ಲಿ ನೋಡಿದರೆ ಮುಳ್ಳಿನಂತೆಯೇ ಕಾಣುತ್ತದೆ.

ಯುಜೆಟಿ ಪ್ರಯೋಗದಿಂದ ನರಕೋಶಕ್ಕೆ

ನರಕೋಶದ ಪೊರೆ ಒಂದು ಧಾರಕದ ಹಾಗೆ. ಬೇರೆ ನರಕೋಶಗಳಿಂದ ಸಂಕೇತ ಬಂದಂತೆಲ್ಲ ಅದರಲ್ಲಿ ಆವೇಶ ಸಂಗ್ರಹವಾಗುತ್ತದೆ. ಜೊತೆಗೇ ಪೊರೆಯ ಮೂಲಕ ಸ್ವಲ್ಪ ಸ್ವಲ್ಪ ಸೋರಿಹೋಗುತ್ತಲೂ ಇರುತ್ತದೆ. ಸಂಗ್ರಹ ಒಂದು ಮಿತಿಯನ್ನು ದಾಟಿದ ಕ್ಷಣ ಕೋಶ 'ಸಿಡಿಯುತ್ತದೆ'. ಸುಮಾರು 100 ಮಿಲಿವೋಲ್ಟ್ ಎತ್ತರದ, ಒಂದು ಮಿಲಿಸೆಕೆಂಡ್ ಅವಧಿಯ ಸ್ಪಂದವೊಂದು ಹೊರಟು ಮುಂದಿನ ಕೋಶಗಳಿಗೆ ಹೋಗುತ್ತದೆ. ಮಿತಿಯನ್ನು ಮುಟ್ಟದಿದ್ದರೆ ಏನೂ ಹೊರಡುವುದಿಲ್ಲ. ಅರ್ಧ ಸ್ಪಂದ, ಕಾಲು ಸ್ಪಂದ ಎಂಬುದಿಲ್ಲ.

ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಮಾಡಿಸುವ ಯುಜೆಟಿ ಆಂದೋಲಕವನ್ನು ನೆನಪಿಸಿಕೊಳ್ಳಿ. 12 ವೋಲ್ಟ್ ಆಕರದಿಂದ 100 ಕಿಲೋಓಮ್ ರೋಧಕದ ಮೂಲಕ ಧಾರಕ ತುಂಬುತ್ತದೆ. ಸುಮಾರು 8 ವೋಲ್ಟ್ ಆದಾಗ ಯುಜೆಟಿ ವಾಹಕವಾಗಿ ಧಾರಕ ಬರಿದಾಗುತ್ತದೆ, ಮೊನಚಾದ ಸ್ಪಂದ ಸಿಗುತ್ತದೆ. ಈಗ ಧಾರಕಕ್ಕೆ ಸಮಾಂತರವಾಗಿ 1 ಮೆಗಾಓಮ್ ರೋಧಕವನ್ನು ಜೋಡಿಸಿ. ಇದು 'ಸೋರಿಕೆ'. ಸ್ಪಂದಗಳ ನಡುವಿನ ಅಂತರ ಹೆಚ್ಚುತ್ತದೆ, ಆದರೆ ನಿಲ್ಲುವುದಿಲ್ಲ. ಅದನ್ನು ತೆಗೆದು 100 ಕಿಲೋಓಮ್ ಹಾಕಿದರೆ ಧಾರಕದ ವಿಭವ 6 ವೋಲ್ಟ್‌ಗಿಂತ ಮೇಲೇರಲಾರದು. ಸ್ಪಂದ ನಿಂತುಹೋಗುತ್ತದೆ. ಕ್ಷೀಣ ಸಂಕೇತಕ್ಕೆ ನರಕೋಶ ಸುಮ್ಮನಿರುವುದು ಹೀಗೆಯೇ. ಎರಡು ರೂಪಾಯಿಯ ರೋಧಕ ಇಷ್ಟನ್ನು ಕಲಿಸುತ್ತದೆ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದು ಬಳಸುವ ವಿದ್ಯುತ್ ಸಾಮರ್ಥ್ಯ ಸುಮಾರು 20 ವ್ಯಾಟ್, ಒಂದು ಸಣ್ಣ ಬಲ್ಬಿನಷ್ಟು. ಈ ಮಿತವ್ಯಯವೇ ಎಂಜಿನಿಯರುಗಳನ್ನು ಸೆಳೆದದ್ದು. ಅಮೆರಿಕದ ಕಾರ್ವರ್ ಮೀಡ್ 1980ರ ದಶಕದಲ್ಲೇ ನರಮಂಡಲದ ಮಾದರಿಯ ಮಂಡಲಗಳನ್ನು ಸಿಲಿಕಾನ್‌ನಲ್ಲಿ ರೂಪಿಸಲು ಹೊರಟು, ಈ ಕ್ಷೇತ್ರಕ್ಕೆ 'ನ್ಯೂರೋಮಾರ್ಫಿಕ್' ಎಂಬ ಹೆಸರು ಕೊಟ್ಟರು. 2014ರಲ್ಲಿ ಐಬಿಎಂ ಪ್ರಕಟಿಸಿದ ಟ್ರೂನಾರ್ತ್ ಚಿಪ್‌ನಲ್ಲಿ 540 ಕೋಟಿ ಟ್ರಾನ್ಸಿಸ್ಟರುಗಳಿಂದ ರೂಪಿಸಿದ 10 ಲಕ್ಷ ಕೃತಕ ನರಕೋಶಗಳಿದ್ದವು, ಬಳಕೆ ಸುಮಾರು 70 ಮಿಲಿವ್ಯಾಟ್. 2017ರಲ್ಲಿ ಇಂಟೆಲ್ ಸಂಸ್ಥೆಯ ಲೋಯಿಹಿ ಬಂತು. ಅಂದರೆ ಬ್ರೈನ್‌ಚಿಪ್‌ನ ಮೂಲಕಲ್ಪನೆ ಗಾಳಿಗೋಪುರವಲ್ಲ. ನನ್ನ ವಿದ್ಯಾರ್ಥಿಗೆ ನಾನು ಧೈರ್ಯವಾಗಿ ಹೇಳಿದ್ದು ಇದನ್ನೇ.

ಶಕ್ತಿ ಎಲ್ಲಿ ವ್ಯಯವಾಗುತ್ತದೆ?

ಸಾಮಾನ್ಯ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಭಾಗ ಒಂದೆಡೆ, ಸ್ಮೃತಿ ಇನ್ನೊಂದೆಡೆ. ಪ್ರತಿ ಲೆಕ್ಕಕ್ಕೂ ಅಂಕಿಗಳನ್ನು ಅಲ್ಲಿಂದ ಇಲ್ಲಿಗೆ ಹೊತ್ತು ತರಬೇಕು. ಲೆಕ್ಕಕ್ಕಿಂತ ಹೊರುವ ಕೂಲಿಯೇ ದುಬಾರಿ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಅಂದಾಜುಗಳು ಈ ಕ್ಷೇತ್ರದಲ್ಲಿ ಎಲ್ಲರಿಗೂ ಬಾಯಿಪಾಠ. 45 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ 8 ಬಿಟ್‌ನ ಎರಡು ಪೂರ್ಣಾಂಕಗಳನ್ನು ಕೂಡಲು 0.03 ಪಿಕೋಜೌಲ್ ಸಾಕು. 32 ಬಿಟ್‌ನ ದಶಮಾಂಶ ಸಂಖ್ಯೆಗಳ ಗುಣಾಕಾರಕ್ಕೆ 3.7 ಪಿಕೋಜೌಲ್. ಅದೇ 32 ಬಿಟ್‌ಗಳನ್ನು ಚಿಪ್‌ನ ಹೊರಗಿನ ಸ್ಮೃತಿಯಿಂದ ತರಲು ಸುಮಾರು 640 ಪಿಕೋಜೌಲ್! ಗುಣಾಕಾರದ 170 ಪಟ್ಟು, ಸಣ್ಣ ಸಂಕಲನದ 20,000 ಪಟ್ಟಿಗೂ ಹೆಚ್ಚು. ನೂರು ರೂಪಾಯಿಯ ತರಕಾರಿ ತರಲು ಎರಡು ಸಾವಿರ ರೂಪಾಯಿಯ ಟ್ಯಾಕ್ಸಿ ಹಿಡಿದಂತೆ, ಅದಕ್ಕಿಂತಲೂ ಅತಿ.

ಆದುದರಿಂದ ಮೊದಲ ಉಪಾಯ, ಸ್ಮೃತಿಯನ್ನು ಲೆಕ್ಕದ ಪಕ್ಕದಲ್ಲೇ ಇಡುವುದು. ಎರಡನೆಯ ಉಪಾಯವನ್ನು ತಿಳಿಯಲು ಒಂದು ಸೂತ್ರ ಬೇಕು. ಟ್ರಾನ್ಸಿಸ್ಟರು ಮಂಡಲಗಳಲ್ಲಿ 0 ಇದ್ದದ್ದು 1 ಆಗಿ, 1 ಇದ್ದದ್ದು 0 ಆಗಿ ಬದಲಾಗುವಾಗ ವ್ಯಯವಾಗುವ ಸಾಮರ್ಥ್ಯ ನಾಲ್ಕು ಅಂಶಗಳ ಗುಣಲಬ್ಧ: ಧಾರಕತೆ, ವಿಭವದ ವರ್ಗ, ಗಡಿಯಾರದ ಆವೃತ್ತಿ, ಮತ್ತು ಒಟ್ಟು ಬಿಂದುಗಳಲ್ಲಿ ಎಷ್ಟು ಭಾಗ ಪ್ರತಿ ಹೆಜ್ಜೆಯಲ್ಲೂ ಬದಲಾಗುತ್ತವೆ ಎಂಬ ಭಿನ್ನಾಂಶ. ಕೊನೆಯದನ್ನು ಚಟುವಟಿಕೆಯ ಅಂಶವೆನ್ನೋಣ. ಮೊದಲ ಮೂರನ್ನು ದಶಕಗಳಿಂದ ಜಗ್ಗಿ ಜಗ್ಗಿ ಇಳಿಸಲಾಗಿದೆ. ಸ್ಪಂದದ ಚಿಪ್‌ಗಳು ಕೈಹಾಕುವುದು ನಾಲ್ಕನೆಯದಕ್ಕೆ. ಏನಾದರೂ ಘಟಿಸಿದಾಗ ಮಾತ್ರ ಕೆಲಸ, ಇಲ್ಲದಿದ್ದರೆ ಮೌನ. ಖಾಲಿ ಕಾರಿಡಾರನ್ನು ನೋಡುತ್ತಿರುವ ಕ್ಯಾಮರಾ, ಯಾರೂ ಮಾತಾಡದ ಕೋಣೆಯಲ್ಲಿ ಕಿವಿಗೊಟ್ಟಿರುವ ಮೈಕು, ಇಂಥ ಕಡೆ ಇದು ಬಹಳ ಲಾಭಕರ.

ಅಕಿಡಾ ಒಂದು ಡಿಜಿಟಲ್ ಚಿಪ್. ನಮ್ಮ ಯುಜೆಟಿಯಂತೆ ಒಳಗೆ ಧಾರಕಗಳು ತುಂಬಿ ಸಿಡಿಯುವುದಿಲ್ಲ. ಅದು 1, 2 ಅಥವಾ 4 ಬಿಟ್‌ಗಳ ಸಣ್ಣ ಅಂಕಿಗಳಲ್ಲಿ ಕೆಲಸ ಮಾಡುತ್ತ, ಸೊನ್ನೆ ಬಂದ ಕಡೆ ಲೆಕ್ಕವನ್ನೇ ಬಿಟ್ಟುಬಿಡುತ್ತದೆ. 28 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ತಯಾರಾದ ಅದರ ಮೊದಲ ಚಿಪ್‌ಗೆ 12 ಲಕ್ಷ ನರಕೋಶಗಳೆಂದು ಕಂಪನಿ ಹೇಳಿತು. 'ಮಿದುಳಿನಂತೆ' ಎಂಬ ಮಾತನ್ನು ಇಷ್ಟರ ಮಟ್ಟಿಗೆ ಮಾತ್ರ ಅರ್ಥಮಾಡಿಕೊಳ್ಳಬೇಕು.

ಇಲ್ಲಿ ಒಂದು ತೊಡಕಿದೆ. ಸೊನ್ನೆಯನ್ನು ಬಿಟ್ಟುಬಿಡುವುದು, ಸ್ಮೃತಿಯನ್ನು ಹತ್ತಿರ ತರುವುದು, ಸಣ್ಣ ಅಂಕಿಗಳನ್ನು ಬಳಸುವುದು, ಈ ಮೂರೂ ನ್ಯೂರೋಮಾರ್ಫಿಕ್ ಕುಲದವರ ಗುತ್ತಿಗೆಯೇನಲ್ಲ. ಸಾಮಾನ್ಯ ಎಐ ಚಿಪ್‌ಗಳೂ ಇವನ್ನು ಕಲಿತಿವೆ. ಐಬಿಎಂ 2023ರಲ್ಲಿ ಪ್ರಕಟಿಸಿದ ನಾರ್ತ್‌ಪೋಲ್ ಚಿಪ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದೇ ಸಂಸ್ಥೆ, ಟ್ರೂನಾರ್ತ್‌ನ ಅನುಭವದ ಮೇಲೆ ಕಟ್ಟಿದ ಚಿಪ್. ಆದರೆ ಇದರಲ್ಲಿ ಸ್ಪಂದಗಳಿಲ್ಲ! ಸ್ಮೃತಿಯನ್ನು ಲೆಕ್ಕದೊಂದಿಗೆ ಹೆಣೆಯುವ ವಿಚಾರವನ್ನು ಇಟ್ಟುಕೊಂಡು ಸ್ಪಂದವನ್ನು ಕೈಬಿಟ್ಟರು. ಚಿತ್ರಗಳನ್ನು ಗುರುತಿಸುವ ಒಂದು ಪ್ರಮಾಣಿತ ಪರೀಕ್ಷೆಯಲ್ಲಿ, ಅದೇ 12 ನ್ಯಾನೋಮೀಟರ್ ಪೀಳಿಗೆಯ ಗ್ರಾಫಿಕ್ಸ್ ಚಿಪ್‌ಗಿಂತ 25 ಪಟ್ಟು ಮಿತವ್ಯಯ ಸಾಧಿಸಿದರು. ಹಾಗಾದರೆ ಲಾಭ ಬಂದದ್ದು ಮಿದುಳಿನ ಯಾವ ಗುಣದಿಂದ? ಈ ಪ್ರಶ್ನೆಯನ್ನು ನನ್ನ ನಲವತ್ತು ನಿಮಿಷದ ಪಾಠದಲ್ಲಿ ನಾನು ಎತ್ತಿರಲಿಲ್ಲ. ತಪ್ಪು ನನ್ನದೇ. ಭೌತವಿಜ್ಞಾನದ ಸೊಗಸು ನಮ್ಮನ್ನು ಕೆಲವೊಮ್ಮೆ ಹೀಗೆ ಎಳೆದುಕೊಂಡು ಹೋಗುತ್ತದೆ.

'ಐದರಿಂದ ಹತ್ತು ಪಟ್ಟು'

2022ರ ಜನವರಿ 3ರಂದು ಮರ್ಸಿಡಿಸ್ ಬೆಂಜ್ ಸಂಸ್ಥೆ ವಿಷನ್ ಇಕ್ಯೂಎಕ್ಸ್‌ಎಕ್ಸ್ ಎಂಬ ವಿದ್ಯುತ್ ಕಾರಿನ ಮಾದರಿಯನ್ನು ಪ್ರಕಟಿಸಿತು. ಮಾರಾಟಕ್ಕೆ ಬಂದ ಕಾರಲ್ಲ, ತಂತ್ರಜ್ಞಾನ ಪ್ರದರ್ಶನದ ಕಾರು. "ಹೇ ಮರ್ಸಿಡಿಸ್" ಎಂದು ಕೂಗಿದಾಗ ಅದನ್ನು ಗುರುತಿಸುವ ಕೆಲಸಕ್ಕೆ ಅದರಲ್ಲಿ ಅಕಿಡಾ ಬಳಸಿದ್ದರು. ಸಾಂಪ್ರದಾಯಿಕ ಧ್ವನಿ ನಿಯಂತ್ರಣಕ್ಕಿಂತ ಇದು ಐದರಿಂದ ಹತ್ತು ಪಟ್ಟು ದಕ್ಷ ಎಂಬ ಮಾತು ಪ್ರಕಟಣೆಯಲ್ಲಿತ್ತು. 2021ರ ಕೊನೆಯಲ್ಲಿ 70 ಸೆಂಟ್ ಆಸುಪಾಸಿನಲ್ಲಿದ್ದ ಬ್ರೈನ್‌ಚಿಪ್ ಷೇರು ಮೂರು ವಾರ ತುಂಬುವುದರೊಳಗೆ 2.34 ಆಸ್ಟ್ರೇಲಿಯನ್ ಡಾಲರಿಗೆ ಏರಿತು. ಮೂರು ಪಟ್ಟಿಗೂ ಹೆಚ್ಚು.

ಷೇರು ಕೊಂಡವರ ಮಾತುಕತೆಯಲ್ಲಿ ಈ 'ಐದರಿಂದ ಹತ್ತು ಪಟ್ಟು' ಮಂತ್ರದಂತೆ ಬಂದುಹೋಗುತ್ತದೆ. ನಾವು ಅದನ್ನು ಕಾಗದದ ಮೇಲೆ ಇಟ್ಟು ನೋಡೋಣ. ಆ ಕಾರು 2022ರ ಏಪ್ರಿಲ್‌ನಲ್ಲಿ ಜರ್ಮನಿಯಿಂದ ಫ್ರಾನ್ಸಿನ ಕಡಲತೀರದವರೆಗೆ ಒಂದೇ ಚಾರ್ಜಿನಲ್ಲಿ 1,008 ಕಿಲೋಮೀಟರ್ ಓಡಿತು. 100 ಕಿಲೋಮೀಟರಿಗೆ 8.7 ಕಿಲೋವ್ಯಾಟ್ ಗಂಟೆ, ಸರಾಸರಿ ವೇಗ ಗಂಟೆಗೆ ಸುಮಾರು 87 ಕಿಲೋಮೀಟರ್. ಗುಣಿಸಿದರೆ ಸರಾಸರಿ ಸಾಮರ್ಥ್ಯ ಸುಮಾರು 7.6 ಕಿಲೋವ್ಯಾಟ್. ಕೂಗನ್ನು ಗುರುತಿಸುವ ಕೆಲಸದಲ್ಲಿ ಅಕಿಡಾ ಪೂರ್ತಿ 1 ವ್ಯಾಟ್ ಉಳಿಸಿತೆಂದು ಉದಾರವಾಗಿ ಊಹಿಸಿ. 7,600ರಲ್ಲಿ 1 ಭಾಗ. 1,008 ಕಿಲೋಮೀಟರ್ ಪ್ರಯಾಣದಲ್ಲಿ ಈ ಉಳಿತಾಯದಿಂದ ಕಾರು ಹೆಚ್ಚುವರಿ ಹೋಗಬಹುದಾದ ದೂರ ಸುಮಾರು 130 ಮೀಟರ್. ಬೆಂಗಳೂರಿನಿಂದ ಮುಂಬಯಿಗೆ ಹೊರಟವನಿಗೆ ಕೊನೆಯ ಓಣಿಯ ತಿರುವಿನಷ್ಟು.

ಇದರಿಂದ ಚಿಪ್ ನಿಷ್ಪ್ರಯೋಜಕ ಎಂದು ತೀರ್ಮಾನಿಸಬೇಡಿ. ಅದೇ ಗುಣ ಬೇರೆ ಕಡೆ ಜೀವಾಳವಾಗಬಲ್ಲದು. ಕೈಗಡಿಯಾರಕ್ಕಿಂತ ತುಸು ದೊಡ್ಡ ಉಪಕರಣಗಳಲ್ಲಿ ಹಾಕುವ ಸಿಆರ್ 2032 ಗುಂಡಿ ಬ್ಯಾಟರಿಯಲ್ಲಿ 3 ವೋಲ್ಟ್, ಸುಮಾರು 225 ಮಿಲಿಆಂಪಿಯರ್ ಗಂಟೆ, ಅಂದರೆ 2,400 ಜೌಲಿನಷ್ಟು ಶಕ್ತಿ ಇರುತ್ತದೆ. ಸದಾ 10 ಮಿಲಿವ್ಯಾಟ್ ಎಳೆಯುವ ಚಿಪ್ ಅದನ್ನು ಮೂರು ದಿನದಲ್ಲಿ ಮುಗಿಸುತ್ತದೆ. 1 ಮಿಲಿವ್ಯಾಟ್ ಸಾಕೆನ್ನುವ ಚಿಪ್ 28 ದಿನ ನಡೆಸುತ್ತದೆ. ಹೃದಯದ ಬಡಿತವನ್ನು ಗಮನಿಸುವ ಪಟ್ಟಿಯೊಂದನ್ನು ಮೂರು ದಿನಕ್ಕೊಮ್ಮೆ ಬದಲಿಸುವುದಕ್ಕೂ ತಿಂಗಳಿಗೊಮ್ಮೆ ಬದಲಿಸುವುದಕ್ಕೂ ಇರುವ ವ್ಯತ್ಯಾಸ ಯಾವ ರೋಗಿಗಾದರೂ ಗೊತ್ತು. ಹತ್ತು ಪಟ್ಟು ಎಂದಾಗ ಯಾವುದಕ್ಕಿಂತ, ಯಾವ ಕೆಲಸದಲ್ಲಿ, ಇಡೀ ಉಪಕರಣದ ಬಳಕೆಯಲ್ಲಿ ಆ ಕೆಲಸದ ಪಾಲೆಷ್ಟು ಎಂದು ಕೇಳುವುದು ಪ್ರಯೋಗಾಲಯದಲ್ಲಿ ನಮಗೆ ಅಭ್ಯಾಸ. ಪೇಟೆಯಲ್ಲಿ ಮರೆತುಬಿಡುತ್ತೇವೆ. ಮರ್ಸಿಡಿಸ್ ಎಂಬ ಹೆಸರು ದೊಡ್ಡದು. ಗುಂಡಿ ಬ್ಯಾಟರಿಗೆ ಹೆಸರೇ ಇಲ್ಲ.

ಚುಕ್ಕಿ ಇಟ್ಟು ರಂಗೋಲಿ

ಸಣ್ಣ ಷೇರುದಾರರ ಮಾತುಗಳನ್ನು ಆ ಹಳೆಯ ವಿದ್ಯಾರ್ಥಿಯ ಮೂಲಕ ಆಗಾಗ ಕೇಳಿದ್ದೇನೆ. ಅವರನ್ನು ದಡ್ಡರೆಂದು ತಳ್ಳಿಹಾಕುವುದು ಸರಿಯಲ್ಲ. ಪೇಟೆಂಟ್‌ಗಳನ್ನು ಓದುತ್ತಾರೆ, ನರಜಾಲಗಳ ಬಗ್ಗೆ ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಕಲಿಯುತ್ತಾರೆ. ತೊಂದರೆ ಇರುವುದು ಚುಕ್ಕಿಗಳನ್ನು ಜೋಡಿಸುವಲ್ಲಿ.

ಜೋಡಣೆ ಸಾಮಾನ್ಯವಾಗಿ ಹೀಗಿರುತ್ತದೆ. ಕಂಪನಿ ಒಂದು, ಈ ಚಿಪ್ಪಿನ ವಿನ್ಯಾಸಕ್ಕೆ ಪರವಾನಗಿ ಪಡೆದಿದೆ. ಕಂಪನಿ ಎರಡು, ಒಂದರಿಂದ ಚಿಪ್ ಕೊಳ್ಳುತ್ತದೆ. ಕಂಪನಿ ಮೂರು, ಎರಡರಿಂದ ಬಿಡಿಭಾಗ ತರಿಸುತ್ತದೆ. ಮೂರರ ಹೊಸ ಉತ್ಪನ್ನದ ಜಾಹೀರಾತಿನಲ್ಲಿ 'ಕಡಿಮೆ ಶಕ್ತಿಯ ಎಐ' ಎಂಬ ಮಾತಿದೆ. ಆದ್ದರಿಂದ ಆ ಉತ್ಪನ್ನದೊಳಗೆ ನಮ್ಮ ಚಿಪ್ ಇದೆ! ಪ್ರತಿ ಕೊಂಡಿಯೂ ನಿಜವಾಗಿರಲು 70 ಪ್ರತಿಶತ ಸಾಧ್ಯತೆ ಇದೆಯೆಂದು ಇಟ್ಟುಕೊಳ್ಳಿ. ಒಂದೊಂದನ್ನೇ ನೋಡಿದರೆ ಎಲ್ಲವೂ 'ಬಹುಶಃ ಹೌದು'. ಸ್ವತಂತ್ರವಾದ ನಾಲ್ಕು ಕೊಂಡಿಗಳನ್ನು ಗುಣಿಸಿದರೆ 0.24. 'ಬಹುಶಃ ಹೌದು' ನಾಲ್ಕು ಸಲ ಸೇರಿ 'ಬಹುಶಃ ಇಲ್ಲ' ಆಗುತ್ತದೆ. ಪಿಯುಸಿಯ ಸಂಭವನೀಯತೆ ಪಾಠದಲ್ಲಿ ನಾಣ್ಯ, ದಾಳಗಳ ಬದಲು ಇದನ್ನು ಕೊಟ್ಟು ನೋಡಿ, ಮಕ್ಕಳು ಎದ್ದು ಕೂರುತ್ತಾರೆ.

ಇನ್ನೊಂದು ವಾದ ಇದಕ್ಕಿಂತ ಸ್ವಾರಸ್ಯದ್ದು. ಗ್ರಾಹಕರು ಗೋಪ್ಯತೆಯ ಒಪ್ಪಂದ ಮಾಡಿಕೊಂಡಿರುತ್ತಾರೆ, ಹಾಗಾಗಿ ಕಂಪನಿ ಹೆಸರು ಹೇಳುವಂತಿಲ್ಲ, ಹೇಳುತ್ತಿಲ್ಲವೆಂದರೆ ದೊಡ್ಡ ಗ್ರಾಹಕರೇ ಇರಬೇಕು ಎಂಬುದು. ಗೋಪ್ಯತೆಯ ಒಪ್ಪಂದಗಳು ಈ ಉದ್ಯಮದಲ್ಲಿ ನಿಜವಾಗಿಯೂ ಸಾಮಾನ್ಯ. ಆದರೆ ಮೌನವನ್ನು ಪುರಾವೆಯಾಗಿ ತೂಗುವ ಬಗೆ ಬೇರೆ. ದೊಡ್ಡ ಗ್ರಾಹಕನಿದ್ದು ಮೌನವಾಗಿರುವ ಸಂಭವನೀಯತೆ 0.9 ಎನ್ನೋಣ. ಗ್ರಾಹಕನೇ ಇಲ್ಲದಿದ್ದಾಗ ಮೌನವಾಗಿರುವ ಸಂಭವನೀಯತೆ 1, ಏಕೆಂದರೆ ಹೇಳಲು ಏನೂ ಇರುವುದಿಲ್ಲ. ಬೇಯ್ಸ್ ಪ್ರಮೇಯದ ಪ್ರಕಾರ ಈ ಎರಡರ ಅನುಪಾತದಿಂದ ನಮ್ಮ ಮೊದಲ ಅಂದಾಜನ್ನು ಗುಣಿಸಬೇಕು. ಅನುಪಾತ 0.9. ಅಂದರೆ ಮೌನದ ಪ್ರತಿ ತ್ರೈಮಾಸಿಕವೂ ನಂಬಿಕೆಯನ್ನು ತುಸು ತಗ್ಗಿಸಬೇಕೇ ಹೊರತು ಏರಿಸಲು ಬಾರದು. 0.9ರ ಬದಲು 0.99 ಇಟ್ಟರೂ ಅದು 1ನ್ನು ದಾಟದು. ಇದನ್ನು ನಾನು ಫೋನಿನಲ್ಲಿ ವಿವರಿಸಿದಾಗ ಅತ್ತಲಿಂದ ಸ್ವಲ್ಪ ಹೊತ್ತು ಮೌನ. (ಆ ಮೌನವನ್ನು ಯಾವ ಪ್ರಮೇಯದಿಂದ ಅಳೆಯಬೇಕೋ ತಿಳಿಯಲಿಲ್ಲ.)

'ಪಾಲುದಾರಿಕೆ' ಎಂಬ ಪದದ ಬಗ್ಗೆಯೂ ಎಚ್ಚರ ಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಟಾಟಾ ಎಲೆಕ್ಸಿ ಜೊತೆ ಬ್ರೈನ್‌ಚಿಪ್ 2023ರಲ್ಲಿ ಪಾಲುದಾರಿಕೆ ಪ್ರಕಟಿಸಿತು. ಟಾಟಾ ಹೆಸರು ಕೇಳಿದೊಡನೆ ನಮ್ಮವರ ಕಿವಿ ನೆಟ್ಟಗಾಗುತ್ತದೆ. ಆದರೆ ಪಾಲುದಾರಿಕೆ ಎಂದರೆ ಖರೀದಿಯ ಆದೇಶವಲ್ಲ, ಒಟ್ಟಿಗೆ ಪ್ರಯತ್ನಿಸೋಣ ಎಂಬ ಒಪ್ಪಿಗೆ.

ಹಣದ ಸಾಲು

ಬ್ರೈನ್‌ಚಿಪ್‌ನ ಮುಖ್ಯ ವ್ಯಾಪಾರ, ಚಿಪ್ ಮಾರುವುದಕ್ಕಿಂತ ಹೆಚ್ಚಾಗಿ, ವಿನ್ಯಾಸದ ಪರವಾನಗಿ ಮಾರುವುದು. ಪರವಾನಗಿ ಪಡೆದವರು ಮೊದಲು ಒಂದು ಶುಲ್ಕ ಕೊಡುತ್ತಾರೆ. ಮುಂದೆ ಅವರು ಆ ವಿನ್ಯಾಸವಿರುವ ಚಿಪ್ ತಯಾರಿಸಿ ಮಾರಿದರೆ ಪ್ರತಿ ಚಿಪ್ಪಿಗೂ ಒಂದಿಷ್ಟು ರಾಯಲ್ಟಿ. 2020ರ ಡಿಸೆಂಬರ್‌ನಲ್ಲಿ ಜಪಾನಿನ ರೆನೆಸಾಸ್, 2021ರ ನವೆಂಬರ್‌ನಲ್ಲಿ ಅಲ್ಲಿನದೇ ಮೆಗಾಚಿಪ್ಸ್ ಪರವಾನಗಿ ಪಡೆದವು. ಎರಡೂ ಗಟ್ಟಿ ಕಂಪನಿಗಳು. 2022ರಲ್ಲಿ ಬ್ರೈನ್‌ಚಿಪ್‌ನ ವರಮಾನ ಸುಮಾರು 51 ಲಕ್ಷ ಅಮೆರಿಕನ್ ಡಾಲರ್. 2023ರಲ್ಲಿ ಅದು ಸುಮಾರು 2.3 ಲಕ್ಷಕ್ಕೆ ಇಳಿಯಿತು. ಆ ವರ್ಷದ ನಷ್ಟ 2.9 ಕೋಟಿ ಡಾಲರಿನಷ್ಟು. ಪರವಾನಗಿ ಶುಲ್ಕ ಮಳೆಯ ಹಾಗೆ, ಬಂದಾಗ ಬಂತು. ರಾಯಲ್ಟಿ ಬಾವಿಯ ಸೆಲೆಯ ಹಾಗೆ. ಸೆಲೆ ಇನ್ನೂ ಒಡೆದಿರಲಿಲ್ಲ ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ಷೇರಿನ ಬೆಲೆ 2023ರ ಅಂತ್ಯಕ್ಕೆ 20 ಸೆಂಟಿಗಿಂತ ಕೆಳಗೆ, 18 ಸೆಂಟ್ ಆಸುಪಾಸಿಗೆ ಬಂದಿತ್ತು.

ಈಗ 2022ರ ಜನವರಿಗೆ ಹಿಂತಿರುಗಿ, ಆ ದಿನ ಗೊತ್ತಿದ್ದ ವಿಷಯಗಳಿಂದಲೇ ಒಂದು ಲೆಕ್ಕ ಮಾಡಬಹುದಿತ್ತೆ ಎಂದು ನೋಡೋಣ. ಆಗ ಷೇರುಗಳು ಸುಮಾರು 170 ಕೋಟಿ. 2.34 ಡಾಲರಿನಂತೆ ಕಂಪನಿಯ ಒಟ್ಟು ಬೆಲೆ ಸುಮಾರು 400 ಕೋಟಿ ಆಸ್ಟ್ರೇಲಿಯನ್ ಡಾಲರ್. ಲಾಭದ 25 ಪಟ್ಟು ಬೆಲೆ ಕೊಡುವುದು ಬೆಳೆಯುವ ಕಂಪನಿಗೆ ಅತಿಯಲ್ಲವೆಂದು ಒಪ್ಪಿದರೂ ವರ್ಷಕ್ಕೆ 16 ಕೋಟಿ ಡಾಲರ್ ಲಾಭ ಬರಬೇಕು. ಚಿಪ್ಪಿಗೆ 50 ಸೆಂಟ್ ರಾಯಲ್ಟಿ ಎಂದುಕೊಳ್ಳಿ, ಖರ್ಚೇ ಇಲ್ಲವೆಂದೂ ಇಟ್ಟುಕೊಳ್ಳಿ. ವರ್ಷಕ್ಕೆ 32 ಕೋಟಿ ಚಿಪ್‌ಗಳು ಮಾರಾಟವಾಗಬೇಕು. ಇಡೀ ಜಗತ್ತಿನಲ್ಲಿ ಒಂದು ವರ್ಷಕ್ಕೆ ತಯಾರಾಗುವ ಮೋಟಾರು ವಾಹನಗಳು 8ರಿಂದ 9 ಕೋಟಿ. ಪ್ರತಿ ಹೊಸ ವಾಹನದಲ್ಲೂ ಮೂರು ನಾಲ್ಕು ಅಕಿಡಾ! ನನ್ನ 25, 50 ಸೆಂಟ್‌ಗಳು ಊಹೆಗಳು ಮಾತ್ರ. ನೀವು ನಿಮ್ಮ ಊಹೆಗಳನ್ನು ಹಾಕಿ. ಉತ್ತರ ಹತ್ತು ಪಟ್ಟು ಬದಲಾದರೂ, ಒಂದು ಪ್ರದರ್ಶನದ ಕಾರಿನ ಸುದ್ದಿಗೂ ಆ ಬೆಲೆಗೂ ನಡುವೆ ಎಷ್ಟು ಕಾರ್ಖಾನೆಗಳು, ಎಷ್ಟು ವರ್ಷಗಳು ಇವೆಯೆಂಬುದು ಕಾಣುತ್ತದೆ. ಹೊಸ ಚಿಪ್ ವಿನ್ಯಾಸವೊಂದು ಕಾರಿನೊಳಗೆ ಸೇರಿ ಮಾರಾಟಕ್ಕೆ ಬರಲು ಹಲವು ವರ್ಷಗಳು ಬೇಕು. ಷೇರು ಕೊಂಡವರಲ್ಲಿ ಅನೇಕರಿಗೆ ತಿಳಿದಿದ್ದ ಸಂಗತಿಯೇ ಇದು. ತಿಳಿದಿದ್ದೂ ಬೆಲೆ ಏರುವಾಗ ನೆನಪಾಗುವುದಿಲ್ಲ.

ಪ್ರತಿಶತದ ಲೆಕ್ಕದಲ್ಲಿ ಇನ್ನೊಂದು ಬಲೆಯಿದೆ. 2.34ರಿಂದ 0.18ಕ್ಕೆ ಇಳಿದರೆ ನಷ್ಟ 92 ಪ್ರತಿಶತ. ಅಲ್ಲಿಂದ ಮತ್ತೆ 2.34ಕ್ಕೆ ಏರಲು 92 ಪ್ರತಿಶತ ಏರಿಕೆ ಸಾಲದು, 13 ಪಟ್ಟಾಗಬೇಕು. ಇಳಿಕೆಯನ್ನೂ ಏರಿಕೆಯನ್ನೂ ಬೇರೆ ಬೇರೆ ಮೂಲಸಂಖ್ಯೆಗಳಿಂದ ಅಳೆಯುತ್ತೇವೆ ಎಂಬುದು ಎಂಟನೆಯ ತರಗತಿಯ ಪಾಠ. ಕೆಳಗಿಳಿದ ಷೇರನ್ನು 'ಸರಾಸರಿ ತಗ್ಗಿಸಲು' ಮತ್ತೆ ಮತ್ತೆ ಕೊಳ್ಳುವವರು ಇದನ್ನು ನೆನಪಿಡುವುದು ಕಡಿಮೆ.

ವರಮಾನವಿಲ್ಲದ ಕಂಪನಿ ಸಂಬಳ ಕೊಡುವುದು ಹೇಗೆ? ಹೊಸ ಷೇರುಗಳನ್ನು ಮಾರಿ. ಬ್ರೈನ್‌ಚಿಪ್ 2020ರಿಂದ ಎಲ್‌ಡಿಎ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯೊಂದಿಗೆ ಇಂಥ ಒಪ್ಪಂದ ಮಾಡಿಕೊಂಡಿತು. ಇದರಲ್ಲಿ ಅಕ್ರಮವೇನೂ ಇಲ್ಲ, ಸಂಶೋಧನೆಯ ಕಂಪನಿಗಳು ಹೀಗೆಯೇ ಬದುಕುವುದು. ಆದರೆ 170 ಕೋಟಿ ಇದ್ದ ಷೇರುಗಳು 2025ರ ಆರಂಭದ ಹೊತ್ತಿಗೆ 200 ಕೋಟಿಯ ಸಮೀಪ ಬಂದಿದ್ದವು. ಅಂದು ಕಂಪನಿಯ ಒಂದು ಪ್ರತಿಶತ ಇದ್ದವನ ಪಾಲು, ಅವನು ಒಂದು ಷೇರನ್ನೂ ಮಾರದೆ, 0.85 ಪ್ರತಿಶತವಾಯಿತು. ದ್ರಾವಣಕ್ಕೆ ನೀರು ಬೆರೆಸಿದಂತೆ. ಲವಣ ಅಷ್ಟೇ ಇದೆ, ಸಾಂದ್ರತೆ ಇಳಿದಿದೆ.

ನಾನು ಷೇರು ಕೊಳ್ಳುವವನಲ್ಲ, ಕೊಳ್ಳಿ ಬಿಡಿ ಎಂದು ಹೇಳಲು ಅರ್ಹನೂ ಅಲ್ಲ. ಈ ಕಂಪನಿ ಮುಂದೆ ಗೆಲ್ಲಲೂಬಹುದು. ಕ್ಷೇತ್ರ ಜೀವಂತವಾಗಿದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2024ರಲ್ಲಿ ಒಂದು ಅಣುಪದರವನ್ನು ತೋರಿಸಿದರು. ಸಾಮಾನ್ಯ ಸ್ಮೃತಿಕೋಶದ 0 ಮತ್ತು 1 ಎಂಬ ಎರಡು ಸ್ಥಿತಿಗಳ ಬದಲು ಅದರಲ್ಲಿ 16,500 ವಾಹಕತೆಯ ಸ್ಥಿತಿಗಳಿವೆ. ಅದೇ ಕೋಶದಲ್ಲಿ ಸಂಗ್ರಹವೂ ನಡೆಯುತ್ತದೆ, ಲೆಕ್ಕವೂ ನಡೆಯುತ್ತದೆ. ಇದನ್ನು ಓದಿದ ದಿನ ನನಗೆ ನಿದ್ದೆ ತಡವಾಗಿ ಬಂತು, ಸಂತೋಷದಿಂದ.

ನನ್ನ ಆ ವಿದ್ಯಾರ್ಥಿಯ ವಿಷಯ. ಎಷ್ಟು ಹಣ ಹಾಕಿದ್ದನೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ನಮ್ಮ ಮಾತುಗಳು ಬದಲಾದವು. ಆಸ್ಟ್ರೇಲಿಯದ ಷೇರುಪೇಟೆಯಲ್ಲಿ ಇಂಥ ಕಂಪನಿಗಳು ಮೂರು ತಿಂಗಳಿಗೊಮ್ಮೆ 'ಅಪೆಂಡಿಕ್ಸ್ 4ಸಿ' ಎಂಬ ನಗದು ಹರಿವಿನ ಪಟ್ಟಿಯನ್ನು ಸಲ್ಲಿಸಬೇಕು. ಅದರ 1.1ನೇ ಸಾಲಿನಲ್ಲಿ ಗ್ರಾಹಕರಿಂದ ಬಂದ ಹಣ ಇರುತ್ತದೆ. 8.5ನೇ ಸಾಲಿನಲ್ಲಿ, ಕೈಯಲ್ಲಿರುವ ಹಣವನ್ನು ತ್ರೈಮಾಸಿಕದ ವ್ಯಯದಿಂದ ಭಾಗಿಸಿ, ಇನ್ನೆಷ್ಟು ತ್ರೈಮಾಸಿಕ ನಡೆಯಬಹುದೆಂದು ಬರೆದಿರುತ್ತಾರೆ. ಎರಡಕ್ಕಿಂತ ಕಡಿಮೆಯಾದರೆ ಕಂಪನಿ ಕಾರಣ ಕೊಡಬೇಕು. ಮೊನ್ನೆ ಮಾತಾಡುವಾಗ ಅವನು ಮರ್ಸಿಡಿಸ್ ಸುದ್ದಿ ಎತ್ತಲಿಲ್ಲ. "ಸರ್, 8.5 ಅಂದರೆ ನಮ್ಮ ಆರ್‌ಸಿ ಮಂಡಲದ ಕಾಲ ಸ್ಥಿರಾಂಕ ಇದ್ದ ಹಾಗಲ್ಲವೆ?" ಎಂದ. ಪೂರ್ತಿ ಹಾಗಲ್ಲ ಎಂದೆ. ಧಾರಕ ಬರಿದಾಗುವಾಗ ವಿದ್ಯುತ್ ಪ್ರವಾಹವೂ ಕಡಿಮೆಯಾಗುತ್ತ ಹೋಗುತ್ತದೆ. ಸಂಬಳದ ಖರ್ಚು ಹಾಗೆ ತಾನಾಗಿ ಕಡಿಮೆಯಾಗುವುದಿಲ್ಲ.